ಸತ್ಯವಾಗಿ ನಡೆಯೋ ಸ್ವಾತಂತ್ರ್ಯ ಸಿಕ್ಕರೆ ಮನುಷ್ಯ ತಾನಾಗಿಯೇ ಪ್ರಾಮಾಣಿಕ ಆಗ್ತಾನಾ?

ಆಗಲ್ಲ ಅಂತಲೇ ನನ್ನ ಅನಿಸಿಕೆ. ನಮ್ಮ ಮಂಡ್ಯದ ಆಲೆಮನೆಗೇ ಬನ್ನಿ. ಕುದಿಯೋ ಕಬ್ಬಿನ ಹಾಲಿಗೆ ಹೈಡ್ರೋಸ್ ಅನ್ನೋ ಬಣ್ಣ ತಿಳಿಮಾಡೋ ರಾಸಾಯನಿಕ ಹಾಕಿದರೆ ಬೆಲ್ಲ ಹಳದಿ ತಿರುಗಿ ಹೊಳೆಯುತ್ತೆ, ಜನ ಮುಗಿಬೀಳ್ತಾರೆ. ಹಾಕದಿದ್ದರೆ ಕಂದು ಅಚ್ಚು. ನೋಡಿ ಮೂಗು ಮುರಿಯೋರೇ ಹೆಚ್ಚು. ಹಾಕದೇ ಇರೋಕೆ ಯಾರ ಅಡ್ಡಿಯೂ ಇಲ್ಲ, ಗಿರಾಕಿ ಮಾತ್ರ ಕೈತಪ್ಪಬಹುದು. (ಬಣ್ಣ ನೋಡಿ ಕೊಳ್ಳೋ ನಾವೂ ಇದರಲ್ಲಿ ಪಾಲುದಾರರೇ ಬಿಡಿ.) ಅಷ್ಟಾದರೂ ಹಾಕದವನ ಗುಣ ಸ್ವಾತಂತ್ರ್ಯ ಕೊಟ್ಟದ್ದಲ್ಲ, ಅವನದೇ.

ಇನ್ನು ಮದ್ದೂರು ಹತ್ತಿರದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯವೇ ಇರಲಿಲ್ಲ. ತ್ರಿವರ್ಣ ಬಾವುಟ ಹಾರಿಸಬಾರದು ಅಂತ ನಿಷೇಧಾಜ್ಞೆ. ಆದರೂ ಕಾಂಗ್ರೆಸ್ ಮುಖಂಡರು ಕದ್ದುಮುಚ್ಚಿ ಅಲ್ಲ, ಸಾವಿರಾರು ಜನ ಸೇರಿದ್ದ ಕಡೆಯೇ ಹಾರಿಸಿ, ಓಡಿಹೋಗದೆ ಬಂಧನಕ್ಕೆ ಒಳಗಾದರು. ಅದರ ನೆನಪಿಗೆ ಅಲ್ಲೀಗ ಸತ್ಯಾಗ್ರಹ ಸೌಧ ಇದೆ.