ಚೆಕರ್‌ಗೆ ತಪ್ಪು ಉತ್ತರಗಳನ್ನೇ ಕೊಟ್ಟು ನೋಡಿ

ಪ್ರೋಗ್ರಾಮಿಂಗ್ ಸ್ಪರ್ಧೆಯಲ್ಲಿ ಹಲವು ಸರಿಯುತ್ತರಗಳಿರುವ ಸಮಸ್ಯೆಗೆ ಚೆಕರ್, ಎಂದರೆ ಸ್ಪರ್ಧಿಯ ಉತ್ತರ ಸರಿಯೇ ತಪ್ಪೇ ಎಂದು ತೀರ್ಮಾನಿಸುವ ಪ್ರೋಗ್ರಾಂ, ಬರೆದಿದ್ದೀರಿ, ನಿಮ್ಮ ಎರಡು ಪರಿಹಾರಗಳನ್ನೂ ಅದು ಒಪ್ಪಿದೆ, ಇಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಲದು. ಏನು ಕೊಟ್ಟರೂ ‘ಸರಿ’ ಎನ್ನುವ ಒಂದು ಸಾಲಿನ ಪ್ರೋಗ್ರಾಂ ಕೂಡ ಅವೆರಡನ್ನೂ ಒಪ್ಪುತ್ತಿತ್ತು.

ಬಳ್ಳಾರಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಸ್ಪರ್ಧೆಗಳಿಗೆ ನಾನು ಸಮಸ್ಯೆ ಸಿದ್ಧಪಡಿಸುತ್ತೇನೆ. ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಸಂಖ್ಯೆ ಹಾಕಿದ ಊರುಗಳನ್ನೂ ರಸ್ತೆಗಳ ದೂರವನ್ನೂ ಕೊಟ್ಟಿದೆ. ಬಳ್ಳಾರಿಯಿಂದ ರಾಯಚೂರಿಗೆ ಅತಿ ಹತ್ತಿರದ ದಾರಿಯನ್ನು, ಅದರ ಒಟ್ಟು ದೂರ ಮತ್ತು ಊರುಗಳ ಎಣಿಕೆಯೊಡನೆ, ಮುದ್ರಿಸಬೇಕು. ಒಬ್ಬ ಸ್ಪರ್ಧಿ ಸಿರುಗುಪ್ಪ, ಸಿಂಧನೂರು, ಮಾನ್ವಿ ಮೇಲೆ ಹೋಗುತ್ತಾನೆ, ಇನ್ನೊಬ್ಬಳು ಆದೋನಿ ಮೇಲೆ. ಇನ್‌ಪುಟ್‌ನಲ್ಲಿ ಎರಡರ ದೂರವೂ ಸಮನಾಗಿದ್ದರೆ ಎರಡೂ ಸರಿ.

ಈಗ ಒಂದು ಸರಿಯುತ್ತರವನ್ನು ತೆಗೆದುಕೊಂಡು, ಒಂದು ಸಲಕ್ಕೆ ಒಂದೇ ನಿಯಮವನ್ನು ಮುರಿಯಿರಿ. ಎರಡನ್ನು ಒಟ್ಟಿಗೆ ಮುರಿದರೆ ಚೆಕರ್ ಯಾವುದನ್ನು ಹಿಡಿಯಿತೆಂದು ತಿಳಿಯುವುದಿಲ್ಲ. ಇಲ್ಲದ ರಸ್ತೆಯಲ್ಲಿ ಸಿರುಗುಪ್ಪದಿಂದ ನೇರವಾಗಿ ಮಾನ್ವಿಗೆ ಹಾರಿಸಿ. ದಾರಿಯನ್ನು ಮಾನ್ವಿಯಲ್ಲೇ ನಿಲ್ಲಿಸಿ. ಊರಿನ ಸಂಖ್ಯೆಯಾಗಿ 0 ಕೊಡಿ, ಋಣಸಂಖ್ಯೆ ಕೊಡಿ. ಎಚ್ಚರವಿಲ್ಲದೆ ಬರೆದ ಚೆಕರ್ ಇಲ್ಲಿ ಅರೇಯ (ಊರುಗಳ ಮಾಹಿತಿ ಇಟ್ಟ ಪಟ್ಟಿಯ) ಗಡಿ ದಾಟಿ ತಾನೇ ಕುಸಿಯಬಹುದು. ದಾರಿಯಲ್ಲಿ ನೂರು ಕೋಟಿ ಊರುಗಳಿವೆ ಎಂದು ಬರೆದು ಎರಡೇ ಹೆಸರಿಸಿ. ಖಾಲಿ ಕಡತವನ್ನೂ ಕೊಡಿ.

ಸ್ಪರ್ಧಿ ಬರೆದ ಒಟ್ಟು ದೂರವನ್ನು ನಂಬದೆ ಚೆಕರ್ ತಾನೇ ಕೂಡಬೇಕು, ಅದೂ 64 ಬಿಟ್‌ಗಳಲ್ಲಿ. ಎರಡು ಲಕ್ಷ ರಸ್ತೆಗಳು, ತಲಾ ನೂರು ಕೋಟಿ ಉದ್ದ ಎಂದರೆ ಮೊತ್ತ 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸದೆ ಉಕ್ಕಿ ಹರಿಯುತ್ತದೆ. ಉತ್ತರ ದಶಮಾಂಶದಲ್ಲಿದ್ದರೆ ‘ನ್ಯಾನ್’ (NaN, ‘ಸಂಖ್ಯೆಯಲ್ಲ’ ಎಂದು ಸೂಚಿಸುವ ವಿಶೇಷ ಮೌಲ್ಯ) ಎಂಬ ಕಳ್ಳನಿದ್ದಾನೆ: ‘ವ್ಯತ್ಯಾಸ ಮಿತಿಗಿಂತ ಹೆಚ್ಚಿದ್ದರೆ ತಪ್ಪು’ ಎಂದು ಬರೆದರೆ ಅವನು ನುಸುಳುತ್ತಾನೆ, ಏಕೆಂದರೆ ಆ ಹೋಲಿಕೆ ಅವನ ಪಾಲಿಗೆ ಎಂದೂ ನಿಜವಾಗುವುದಿಲ್ಲ. ‘ಮಿತಿಯೊಳಗಿದ್ದರೆ ಮಾತ್ರ ಸರಿ’ ಎಂದು ತಿರುಗಿಸಿ ಬರೆಯಿರಿ.

ತೀರ್ಪುಗಾರರ ಉತ್ತರವನ್ನೂ, ಎಂದರೆ ಸಮಸ್ಯೆ ಸಿದ್ಧಪಡಿಸಿದ ನಿಮ್ಮದೇ ಉತ್ತರವನ್ನೂ, ಸ್ಪರ್ಧಿಯ ಉತ್ತರ ಓದುವ ಅದೇ ಫಂಕ್ಷನ್‌ನಿಂದ ಓದಿಸಿ, ಅದೇ ನಿಯಮಗಳಿಗೆ ಒಳಪಡಿಸಿ. ಸ್ಪರ್ಧಿಯ ದಾರಿ ನಿಯಮಬದ್ಧವಾಗಿದ್ದೂ ನಿಮ್ಮದಕ್ಕಿಂತ ಹತ್ತಿರವಾಗಿದ್ದರೆ ತಪ್ಪು ನಿಮ್ಮದು. ಚೆಕರ್ ಬರೆಯಲು ಬಳಸುವ ಟೆಸ್ಟ್‌ಲಿಬ್ ಎಂಬ ಸಿ++ ಲೈಬ್ರರಿಯಲ್ಲಿ ‘ಫೇಲ್’ ಎಂಬ ಪ್ರತ್ಯೇಕ ತೀರ್ಪು ಇರುವುದು ಇದಕ್ಕಾಗಿಯೇ. ಇದನ್ನು ಪರೀಕ್ಷಿಸಲು ಬೇಕೆಂದೇ ದೂರದ ದಾರಿಯನ್ನು ತೀರ್ಪುಗಾರರ ಕಡತದಲ್ಲಿಡಿ.

ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇನ್ನೊಂದು ಉಪಾಯದಲ್ಲಿ. ನಾಲ್ಕೇ ಊರುಗಳ ನಕ್ಷೆ ತೆಗೆದುಕೊಳ್ಳಿ. ನಾಲ್ಕು ಊರುಗಳವರೆಗಿನ ಎಲ್ಲ ಸರಣಿಗಳು ಸೇರಿ 340 ಆಗುತ್ತವೆ. ಅಷ್ಟನ್ನೂ ಚೆಕರ್‌ಗೆ ಕೊಡಿ. ನಿಮ್ಮ ಕೋಡ್ ನೋಡದ ಗೆಳೆಯರೊಬ್ಬರು, ಸಮಸ್ಯೆಯ ಪಠ್ಯವನ್ನಷ್ಟೇ ಓದಿ ಬರೆದ ನಿಧಾನದ ಚೆಕರ್‌ಗೂ ಕೊಡಿ. ತೀರ್ಪುಗಳು ಬೇರೆಯಾದರೆ ಇಬ್ಬರಲ್ಲೊಬ್ಬರು ತಪ್ಪಿದ್ದಾರೆ, ಅಥವಾ ಪಠ್ಯವೇ ಮಸುಕಾಗಿದೆ. ಶೂನ್ಯ ಉದ್ದದ ರಸ್ತೆಗೆ ಅವಕಾಶವಿದ್ದರೆ ಒಂದೇ ಊರಿಗೆ ಎರಡು ಸಲ ಹೋಗಬಹುದೇ? ಇಂಥ ಪ್ರಶ್ನೆ ಸ್ಪರ್ಧೆಯ ನಡುವೆ ಎದ್ದರೆ ಗದ್ದಲ ಖಚಿತ.

ಈ ಕೆಟ್ಟ ಉತ್ತರಗಳನ್ನು ಎಸೆಯಬೇಡಿ. ಸ್ಪರ್ಧೆಯ ಸಮಸ್ಯೆಗಳನ್ನು ಸಿದ್ಧಪಡಿಸುವ ಪಾಲಿಗನ್ ಎಂಬ ಜಾಲತಾಣದಲ್ಲಿ ಚೆಕರ್ ಪರೀಕ್ಷೆಗಳಿಗೇ ಜಾಗವಿದೆ. ನಿರೀಕ್ಷಿತ ತೀರ್ಪಿನೊಡನೆ ಅಲ್ಲಿ ಸೇರಿಸಿಡಿ, ಚೆಕರ್‌ನಲ್ಲಿ ಒಂದು ಸಾಲು ಬದಲಿಸಿದರೂ ಎಲ್ಲವನ್ನೂ ಮತ್ತೆ ಓಡಿಸಿ.