ಉಪವಾಸ ಸರಿ, ಅಮ್ಮನ ಬಳೆ ಎಲ್ಲಿ?

ಹುಬ್ಬಳ್ಳಿಯಿಂದ ಬಂದ ನಿಮ್ಮ ಪತ್ರ ಓದಿ ಸಿಟ್ಟು ಬಂತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಎರಡು ವರ್ಷದಿಂದ ನಸುಕಿನಲ್ಲೇ ಎದ್ದು ಬೈಬಲ್ ಓದುತ್ತೀರಿ. ಶುಕ್ರವಾರ ಉಪವಾಸ. 'ಮನಸ್ಸು ಹೊಸದಾಗಲಿ' ಎನ್ನುವ, ಬೈಬಲ್‌ನ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯ ಬಾಯಿಪಾಠ. ಆದರೂ ಮನಸ್ಸು ಹೊಸದಾಗಲಿಲ್ಲ. ಪ್ರಾರ್ಥನೆಗೆ ಕೂತರೆ ಎದೆ ಭಾರ, ಎದ್ದರೆ ಮಕ್ಕಳ ಮೇಲೆ ರೇಗಾಟ. ಇನ್ನೇನು ಮಾಡಲಿ ಎಂದು ಕೇಳಿದ್ದೀರಿ.

ನಡುವೆ ಒಂದು ಸಾಲು ಬರೆದಿದ್ದೀರಿ. ಅಮ್ಮನ ಎರಡು ಬಳೆಗಳನ್ನು ಆಸ್ಪತ್ರೆ ಖರ್ಚಿಗೆ ಮಾರಿದೆ ಎಂದು ತಂಗಿಗೆ ಹೇಳಿದ್ದಿರಿ. ಅವು ಇನ್ನೂ ನಿಮ್ಮ ತಿಜೋರಿಯಲ್ಲೇ ಇವೆ. 'ಅದು ಹಳೇ ವಿಷಯ, ಬಿಡಿ' ಅಂತ ಮುಂದೆ ಹೋಗಿದ್ದೀರಿ. ನಾನು ಬಿಡುವುದಿಲ್ಲ.

ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆಯಿರಿ. 23ನೇ ವಚನದಲ್ಲಿ ಮನಸ್ಸು ಹೊಸದಾಗಬೇಕು ಎನ್ನುವ, ಪತ್ರ ಬರೆದ ಪೌಲನು ಮುಂದೆ ಧ್ಯಾನದ ಕ್ರಮ ಹೇಳಿಕೊಡುತ್ತಾನಾ? 25ರಲ್ಲಿ ಸುಳ್ಳು ಬಿಡಿ ಅನ್ನುತ್ತಾನೆ. 26ರಲ್ಲಿ, ಹೊತ್ತು ಮುಳುಗುವ ಮೊದಲು ಸಿಟ್ಟು ತೀರಲಿ. 28ರಲ್ಲಿ, ಕದಿಯುವವನು ಇನ್ನು ಕದಿಯದೆ, ಕೈಯಾರೆ ದುಡಿದು, ಇಲ್ಲದವರಿಗೆ ಕೊಡಲಿ. ಎಲ್ಲ ಮನೆ-ಬೀದಿಯ ಮಾತೇ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ: ಯಾರ ಮುಖ ನೋಡಲು ಹೆದರುತ್ತೀರೋ, ಮೊದಲು ಅವರ ಮನೆಗೆ ಹೋಗಿ.

ಈಗ ಸಿಟ್ಟಿನ ವಿಷಯ. ನಿಮ್ಮ ಪ್ರಾರ್ಥನಾ ಕೂಟದ ಅಕ್ಕನವರಿಗೆ ಬಳೆ ಕಥೆ ಪೂರ್ತಿ ಗೊತ್ತು. ಗೊತ್ತಿದ್ದೂ 'ಸೈತಾನ ನಿನ್ನ ಮನಸ್ಸಿನ ಮೇಲೆ ಎರಗಿದ್ದಾನೆ, ಇನ್ನೂ ಜಾಸ್ತಿ ಉಪವಾಸ ಮಾಡು' ಅಂದರಂತೆ. ಅದೂ ಸಕ್ಕರೆ ಕಾಯಿಲೆ ಇರುವ ನಿಮಗೆ! 'ತಂಗಿ ಹತ್ತಿರ ಹೋಗಿ ಬಾ' ಎನ್ನಲು ಅವರಿಗೆ ಬಾಯಿ ಬರಲಿಲ್ಲವೇ? ಡಾಕ್ಟರನ್ನು ಕೇಳದೆ ಇನ್ನು ಉಪವಾಸ ಬೇಡ.

ತಂಗಿ ಚುಚ್ಚಿ ಮಾತಾಡುತ್ತಾಳೆ ಎಂದಿದ್ದೀರಿ. ಆಡಲಿ. ಅಮ್ಮನ ನೆನಪಿಗೆ ಅಂತ ಅವಳ ಕೈಗೆ ಏನೂ ಸಿಕ್ಕಿಲ್ಲ, ಅಲ್ವಾ?

ಮಾಡಬೇಕಾದ್ದು ಒಂದೇ. ಈ ಭಾನುವಾರ ಗದಗಿನ ಬಸ್ ಹತ್ತಿ ಅವಳ ಮನೆಗೆ ಹೋಗಿ. ಆರಾಧನೆ ತಪ್ಪುತ್ತದೆ ಎಂಬ ಚಿಂತೆ ಬೇಡ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಒಂದಾಗಿ ಬಾ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ, ಮತ್ತಾಯ 5ನೇ ಅಧ್ಯಾಯ ನೋಡಿ. 'ಮಾರಿರಲಿಲ್ಲ, ಸುಳ್ಳು ಹೇಳಿದೆ' ಅನ್ನಿ. ಎರಡೂ ಬಳೆ ಮುಂದಿಡಿ, ಅವಳೇ ಆರಿಸಲಿ. ಎರಡೂ ಬೇಕೆಂದರೆ ಎರಡೂ ಕೊಟ್ಟು ಬನ್ನಿ. ಬೈಬಲ್ ವಾಕ್ಯ ಹೇಳಲು ಹೋಗಬೇಡಿ. ಆಮೇಲೆ, ದೇವರು ನನ್ನನ್ನು ಹೀಗೆ ಬದಲಿಸಿದ ಎಂದು ಸಾಕ್ಷಿ ಹೇಳುತ್ತೇನೆ ಅಂತ ಕೂಟಕ್ಕೂ ಓಡಬೇಡಿ.