ಸಾಲ ಎಷ್ಟಿದೆ ಅಂದರೆ ಕಂತು ಹೇಳುವವರು

ಕಾರಿನ ಬೆಲೆಗಿಂತ ಅದರ ಮೇಲಿನ ಸಾಲವೇ ಜಾಸ್ತಿಯಾಗಿರುವ ದಂಪತಿಗಳು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುತ್ತಲೇ ಇರುತ್ತಾರೆ. ಹಾಗಂತ ಹೇಳಿಕೊಂಡು ಯಾರೂ ಬರುವುದಿಲ್ಲ. ನಿದ್ದೆ ಬರುತ್ತಿಲ್ಲ ಅಂತಲೋ, ಮನೆಯಲ್ಲಿ ಮಾತೇ ನಿಂತುಹೋಗಿದೆ ಅಂತಲೋ ಬರುತ್ತಾರೆ. ನಾಲ್ಕು ಮಾತಾಡಿದ ಮೇಲೆ ಕಾರಿನ ವಿಷಯ ಹೊರಗೆ ಬರುತ್ತದೆ. ಇಲ್ಲಿ ಬರೆಯುತ್ತಿರುವ ದಂಪತಿಯದ್ದೂ ಹಾಗೇ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹಣದ ಲೆಕ್ಕವನ್ನೂ, ಮೊದಲು ತೆಗೆದ ಸಾಲ 100 ಅಂತ ಇಟ್ಟುಕೊಂಡು ಅದೇ ಅಳತೆಯಲ್ಲಿ ಕೊಟ್ಟಿದ್ದೇನೆ.

ಇಬ್ಬರೂ ದುಡಿಯುತ್ತಿದ್ದಾಗ ಕೊಂಡ ಕಾರು. ಡೌನ್ ಪೇಮೆಂಟ್ ಹೆಸರಿಗಷ್ಟೇ. ಮೊದಲ ವರ್ಷದ ವಿಮೆ, ಆಕ್ಸೆಸರಿ ಎಲ್ಲವನ್ನೂ ಸಾಲಕ್ಕೇ ಸೇರಿಸಿದ್ದರು. ಬಡ್ಡಿ ವರ್ಷಕ್ಕೆ ಶೇಕಡ 10, ಅವಧಿ 84 ತಿಂಗಳು. ಎರಡು ವರ್ಷ ಆಗುವಷ್ಟರಲ್ಲಿ ಆಕೆಯ ಕೆಲಸ ಹೋಯಿತು. ಕಂತು ಮಾತ್ರ ಒಂದೂ ತಪ್ಪಿರಲಿಲ್ಲ. ಸಂಬಳ ಬಂದ ಕೂಡಲೇ ಕಂತು ಕಟ್ಟಿ, ಮನೆ ಖರ್ಚನ್ನು ಕ್ರೆಡಿಟ್ ಕಾರ್ಡಿನ ಮೇಲೆ ಹಾಕುತ್ತಿದ್ದರು. ಕಾರ್ಡಿನ ಬಾಕಿ ತಿಂಗಳು ತಿಂಗಳೂ ಏರುತ್ತಿತ್ತು. ಆದರೂ ಆತನಿಗೆ ತಾನು ಸಾಲ ಸರಿಯಾಗಿ ತೀರಿಸುತ್ತಿದ್ದೇನೆ ಅನ್ನುವ ಸಮಾಧಾನ.

ನನ್ನ ಬಳಿ ಬಂದ ದಿನ ಆಕೆ ಗಂಡನನ್ನು ಕೇಳಿದ್ದು ಸರಳವಾದ ಪ್ರಶ್ನೆ. "ಸಾಲ ಎಷ್ಟು ಉಳಿದಿದೆ ರೀ?"

ಆತ ತಿಂಗಳ ಕಂತು ಎಷ್ಟು ಅಂತ ಹೇಳಿದರು.

"ಅದಲ್ಲ, ಒಟ್ಟು ಎಷ್ಟಿದೆ?"

"ಇನ್ನೂ ಐದು ವರ್ಷ ಇದೆ."

ಆಕೆ ಮತ್ತೆ ಕೇಳಿದರು. ಆತ ಮತ್ತೆ ಕಂತನ್ನೇ ಹೇಳಿದರು. ಬೇಕಂತಲೇ ಮುಚ್ಚಿಡುತ್ತಿದ್ದಾರೆ ಅಂತ ಆಕೆಗೆ ಸಿಟ್ಟು ಬಂತು. ನನಗೆ ಹಾಗನ್ನಿಸಲಿಲ್ಲ. ಆತನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇದು ಎಷ್ಟು ಜನರಲ್ಲಿ ನೋಡಿದ್ದೇನೆ ಅಂದರೆ, ಈಗೀಗ ಸಾಲ ಎಷ್ಟು ಅಂತ ಕೇಳಿ, ಉತ್ತರವಾಗಿ ಕಂತು ಬರುತ್ತದಾ ಅಂತ ಕಾಯುತ್ತೇನೆ. ಬಂದರೆ ಕೆಲಸ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ.

ಅಲ್ಲೇ ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಲು ಹೇಳಿದೆ. ಬಾಕಿ ಎಷ್ಟು ಅಂತ ಕೇಳಬೇಡಿ, ಇವತ್ತು ಪೂರ್ತಿ ಮುಗಿಸಲು ಎಷ್ಟು ಕಟ್ಟಬೇಕು ಅಂತ ಕೇಳಿ ಅಂದೆ. ಎರಡೂ ಒಂದೇ ಅಲ್ಲ. ಅವಧಿಗೆ ಮುಂಚೆ ಮುಗಿಸಿದರೆ ಶುಲ್ಕ ಇರಬಹುದು, ಆ ದಿನದವರೆಗಿನ ಬಡ್ಡಿಯೂ ಸೇರುತ್ತದೆ. ಆತ ಸ್ಪೀಕರ್ ಹಾಕಿದರು. ಅಸಲು 78, ಎಲ್ಲ ಸೇರಿ 80, ಕೆಲವೇ ದಿನ ಈ ಲೆಕ್ಕ ನಡೆಯುತ್ತದೆ ಅಂತ ಆ ಕಡೆಯಿಂದ ಹೇಳಿದರು. ಆತ ಅದನ್ನು ಒಂದು ಹಳೇ ಬಿಲ್ಲಿನ ಹಿಂದೆ ಬರೆದು, ಕೆಳಗೆ ಗೆರೆ ಎಳೆದು, ಮೇಲಿಂದ ಮತ್ತೊಮ್ಮೆ ಗೆರೆ ಎಳೆದರು.

"ಎರಡು ವರ್ಷದಲ್ಲಿ ಹತ್ತತ್ರ 40 ಕಟ್ಟಿದ್ದೀನಿ ಮೇಡಂ. 60 ಇರಬೇಕಿತ್ತಲ್ಲ?"

ಇರಬೇಕಿತ್ತು ಅನ್ನಿಸುವುದು ಸಹಜ. ಆದರೆ ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ. ಶುರುವಿನಲ್ಲಿ ಅಸಲು ಜಾಸ್ತಿ, ಹಾಗಾಗಿ ಕಂತಿನಲ್ಲಿ ಬಡ್ಡಿಯ ಪಾಲೂ ಜಾಸ್ತಿ. ಅವರು ಕಟ್ಟಿದ 40ರಲ್ಲಿ 18 ಬಡ್ಡಿಗೇ ಹೋಗಿತ್ತು. ಕಾರಿನ ಬೆಲೆ ಇದಕ್ಕೆ ತದ್ವಿರುದ್ಧ. ಮೊದಲ ವರ್ಷಗಳಲ್ಲೇ ಅದು ಎಲ್ಲಕ್ಕಿಂತ ಜೋರಾಗಿ ಇಳಿಯುತ್ತದೆ. ಇವರ ಕಾರನ್ನು ನೋಡಿದವರಲ್ಲಿ ಅತಿ ಹೆಚ್ಚು ಕೇಳಿದ್ದು 62ಕ್ಕೆ. 80 ಕಟ್ಟಲು ಕೊರತೆ 18.

"ಅಂದ್ರೆ ಕಾರೂ ಕೊಟ್ಟು, ಮೇಲೆ ದುಡ್ಡೂ ಕೊಡೋದಾ?" ಅಂದರು ಆತ. ಆ ದನಿಯಲ್ಲಿ ಅವಮಾನ ಇತ್ತು. ಆಮೇಲೆ ಬ್ಯಾಗಿನಿಂದ ಒಂದು ಹಾಳೆ ತೆಗೆದರು. ಡೀಲರ್ ಬರೆದುಕೊಟ್ಟ ಎಕ್ಸ್‌ಚೇಂಜ್ ಲೆಕ್ಕ. ಅಷ್ಟು ದಿನ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಚಿಕ್ಕ ಕಾರು, ಬೆಲೆ 70. ಹಳೇ ಸಾಲವನ್ನು ಡೀಲರೇ ತೀರಿಸುತ್ತಾರೆ, ಕೊರತೆಯ 18 ಹೊಸ ಸಾಲಕ್ಕೆ ಸೇರುತ್ತದೆ. ಒಟ್ಟು 88, ಅದೇ ಬಡ್ಡಿ, ಮತ್ತೆ 84 ತಿಂಗಳು. ಕಂತು 1.66ರಿಂದ 1.46ಕ್ಕೆ ಇಳಿಯುತ್ತದೆ. ಆ 1.46ಕ್ಕೆ ಡೀಲರ್ ಹಸಿರು ಪೆನ್ನಿನಲ್ಲಿ ಸುತ್ತು ಹಾಕಿದ್ದರು.

ಆಕೆ ಹಾಳೆ ತೆಗೆದುಕೊಂಡು ಓದಿದರು. "ಅಂದ್ರೆ, ನಮ್ಮ ಹತ್ರ ಇಲ್ಲದಿರೋ ಕಾರಿಗೆ ಇನ್ನೂ ಏಳು ವರ್ಷ ಕಂತು ಕಟ್ಟೋದು, ಅಲ್ವಾ?"

ಆತ ನನ್ನ ಕಡೆ ನೋಡಿದರು. "ಹೌದಾ ಮೇಡಂ?"

ಹೌದು ಅಂದೆ. ಆ 18 ಏಳು ವರ್ಷದಲ್ಲಿ 25 ಆಗುತ್ತದೆ. ಹೊಸ ಕಾರು ಶೋರೂಮ್ ದಾಟುವ ಮೊದಲೇ ಅದರ ಮೇಲಿನ ಸಾಲ ಅದರ ಬೆಲೆಯನ್ನು ಮೀರಿರುತ್ತದೆ. ಎರಡು ವರ್ಷ ಬಿಟ್ಟು ಅದನ್ನೂ ಮಾರಬೇಕಾಗಿ ಬಂದರೆ? ಅಷ್ಟು ಕೇಳಿ ಸುಮ್ಮನಾದೆ.

ಆಪ್ತಸಲಹೆಗಾರರು ಇಂಥದ್ದನ್ನೇ ಮಾಡಿ ಅಂತ ಹೇಳಬಾರದು, ಎದುರಿಗಿರುವವರೇ ದಾರಿ ಹುಡುಕಿಕೊಳ್ಳುವಂತೆ ನೋಡಿಕೊಳ್ಳಬೇಕು ಅಂತ ನಮಗೆ ಕಲಿಸುತ್ತಾರೆ. ಸಹೋದ್ಯೋಗಿಯೊಬ್ಬರು ಇದೇ ವಿಷಯಕ್ಕೆ ನನ್ನನ್ನು ತರಾಟೆಗೂ ತೆಗೆದುಕೊಂಡರು. ದುಃಖದ ವಿಷಯದಲ್ಲಿ, ಸಂಬಂಧದ ವಿಷಯದಲ್ಲಿ ಆ ಮಾತನ್ನು ನಾನೂ ಪಾಲಿಸುತ್ತೇನೆ. ಬಡ್ಡಿಯ ವಿಷಯದಲ್ಲಿ ಇಲ್ಲ. ಅವರು ದಾರಿ ಹುಡುಕಿಕೊಳ್ಳುವವರೆಗೆ ಬಡ್ಡಿ ಕಾಯುವುದಿಲ್ಲ. ಹಾಗಾಗಿ ನೇರವಾಗಿಯೇ ಹೇಳಿದೆ: ಕಾರು ಮಾರಿ, ಕೊರತೆಯನ್ನು ಬೇರೆಯಾಗಿ, ಕಣ್ಣಿಗೆ ಕಾಣುವ ಹಾಗೆ ತೀರಿಸಿ.

ಎಲ್ಲರಿಗೂ ಇದನ್ನೇ ಹೇಳುವುದಿಲ್ಲ. ಕಂತು ಸಲೀಸಾಗಿ ಕಟ್ಟುವಂತಿದ್ದು ಕಾರು ಚೆನ್ನಾಗಿದ್ದರೆ, ಇಟ್ಟುಕೊಳ್ಳುವುದೇ ಜಾಣತನ. ಕೈಲಾದಾಗ ಅಸಲಿಗೆ ಸ್ವಲ್ಪ ಜಾಸ್ತಿ ಕಟ್ಟುತ್ತಾ ಬಂದರೆ ಕೊರತೆ ತಾನಾಗಿ ಮುಚ್ಚುತ್ತದೆ. (ಅಷ್ಟರೊಳಗೆ ಅಪಘಾತದಲ್ಲಿ ಕಾರು ಪೂರ್ತಿ ಹಾಳಾದರೆ, ಮಾಮೂಲಿ ವಿಮೆ ಕೊಡುವುದು ಕಾರಿನ ಬೆಲೆ ನೋಡಿ, ಸಾಲ ನೋಡಿ ಅಲ್ಲ. ಇದು ತಿಳಿದಿರಲಿ.) ಇವರ ಮನೆಯಲ್ಲಿ ಕಾರ್ಡಿನ ಬಾಕಿ ಏರುತ್ತಿತ್ತು. ಕಾರು ಉಳಿದ ಒಂದೊಂದು ತಿಂಗಳಿಗೂ ಅವರು ಕಾರ್ಡಿನ ದುಬಾರಿ ಬಡ್ಡಿ ತೆರುತ್ತಿದ್ದರು.

ಕೊರತೆಯ 18ರಲ್ಲಿ 6 ಉಳಿತಾಯದಿಂದ ಬಂತು. ಉಳಿದ 12ಕ್ಕೆ ಪರ್ಸನಲ್ ಲೋನ್, ಬಡ್ಡಿ ಶೇಕಡ 15, ಎರಡು ವರ್ಷ. ಬಡ್ಡಿ ಜಾಸ್ತಿ ಅಲ್ವಾ ಅಂತ ಆತ ಹಿಂಜರಿದರು. ದರ ಜಾಸ್ತಿಯೇ, ಆದರೆ ಮೊತ್ತ ಚಿಕ್ಕದು, ಅವಧಿ ಚಿಕ್ಕದು. ಬಡ್ಡಿಗೆ ಹೋಗುವುದು ಸುಮಾರು 2. ಪೂರ್ತಿ 18ಕ್ಕೇ ಈ ಸಾಲ ತೆಗೆದರೂ ಸುಮಾರು 3. ಡೀಲರ್ ಹಾಳೆಯಲ್ಲಿ ಅದು 7. ಹೊಸ ಕಂತು ಹಳೆಯದರ ಮೂರನೇ ಒಂದು ಪಾಲಿಗಿಂತ ಚೂರು ಜಾಸ್ತಿ, ಅಷ್ಟೇ.

ಇನ್ನೆರಡು ದಾರಿಗಳ ಬಗ್ಗೆಯೂ ಅವರ ತಲೆಯಲ್ಲಿ ಯೋಚನೆ ಓಡುತ್ತಿತ್ತು. ಒಂದು, ಆಕೆಯ ತಮ್ಮ "ಭಾವ, ಕಾರ್ ನಂಗೆ ಕೊಡಿ, ಕಂತು ನಾನೇ ಕಟ್ಕೊಂಡು ಹೋಗ್ತೀನಿ" ಅಂದಿದ್ದ. ಇದಕ್ಕೆ ನಾನು ಖಡಾಖಂಡಿತವಾಗಿ ಬೇಡ ಅಂದೆ. ಆಕೆಗೆ ಬೇಸರವಾಯಿತು. ತಮ್ಮ ಒಳ್ಳೆಯವನೇ ಇರಬಹುದು. ಆದರೆ ಸಾಲದ ಕಾಗದದಲ್ಲಿ ಇರುವುದು ಇವರ ಹೆಸರು. ಅವನು ಒಂದು ಕಂತು ತಪ್ಪಿಸಿದರೆ ಫೋನ್ ಬರುವುದು ಇವರಿಗೆ, ಅಪಘಾತ ಆದರೆ ಮೊದಲು ಹುಡುಕಿಕೊಂಡು ಬರುವುದೂ ಕಾರು ಯಾರ ಹೆಸರಿನಲ್ಲಿದೆಯೋ ಅವರನ್ನೇ. ಇನ್ನೊಂದು, ಕಾರನ್ನು ಸಾಲ ಕೊಟ್ಟವರಿಗೇ ವಾಪಸ್ ಒಪ್ಪಿಸಿಬಿಡುವುದು. ಕೊಟ್ಟರೆ ಕಥೆ ಮುಗಿಯಿತು ಅಂತ ತುಂಬಾ ಜನ ನಂಬಿದ್ದಾರೆ. ಮುಗಿಯುವುದಿಲ್ಲ. ಅವರು ಹರಾಜು ಹಾಕುತ್ತಾರೆ. ಹರಾಜಿನ ಬೆಲೆ ಸಾಮಾನ್ಯವಾಗಿ ಹೊರಗಿನ ಬೆಲೆಗಿಂತ ಕಡಿಮೆ, ಅದರ ಖರ್ಚೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಉಳಿದದ್ದನ್ನು ಸಾಮಾನ್ಯವಾಗಿ ಸಾಲ ತೆಗೆದವರಿಂದಲೇ ಕೇಳುತ್ತಾರೆ.

ನಾನು ಹೇಳಿದ್ದೆಲ್ಲವನ್ನೂ ಅವರು ಮಾಡಲಿಲ್ಲ. ನೇರವಾಗಿ ಕೊಳ್ಳುವವರಿಗೆ ಮಾರಿ, ಹೆಚ್ಚು ಬೆಲೆ ಸಿಗುತ್ತದೆ ಅಂದಿದ್ದೆ. ಯಾರ್ಯಾರೋ ಬಂದು ಬಾಗಿಲು ತೆಗೆದು ನೋಡುವುದನ್ನು ಸಹಿಸಲಾಗದೆ ಆತ ಹಳೇ ಕಾರುಗಳ ವ್ಯಾಪಾರಿಗೆ ಸ್ವಲ್ಪ ಕಡಿಮೆಗೇ ಕೊಟ್ಟರು. ಕಡಿಮೆಯಾದದ್ದನ್ನು ಆಕೆ ಹೊಂದಿಸಿದರು. ಅದಕ್ಕೆ ನಾನು ತಕರಾರು ತೆಗೆಯಲಿಲ್ಲ. ವ್ಯವಹಾರ ಎಲ್ಲಿ ನಡೆಯಬೇಕು ಅನ್ನುವುದರಲ್ಲಿ ಮಾತ್ರ ಪಟ್ಟು ಹಿಡಿದೆ: ಸಾಲ ಕೊಟ್ಟವರ ಕಚೇರಿಯಲ್ಲಿ, ವ್ಯಾಪಾರಿಯ ಹಣ, ಇವರ ಹಣ ಎರಡೂ ಒಂದೇ ದಿನ ನೇರವಾಗಿ ಸಾಲದ ಖಾತೆಗೆ. ವ್ಯಾಪಾರಿ "ನಾವೇ ಕಟ್ಟಿಬಿಡ್ತೀವಿ, ನೀವು ಹೋಗಿ" ಅಂದರಂತೆ. ಇವರು ಹೋಗಲಿಲ್ಲ, ರಸೀದಿ ಕೈಗೆ ಬರುವವರೆಗೆ ಅಲ್ಲೇ ಕೂತರು. ಇನ್ನು ಸಾಲ ತೀರಿದೆ ಅನ್ನುವ ಪತ್ರ ಬರುವವರೆಗೆ ಕಂತು ನಿಲ್ಲಿಸಬೇಡಿ ಅಂದಿದ್ದೆ. ಮುಂದಿನ ತಿಂಗಳ ಕಂತು ಖಾತೆಯಿಂದ ಕಡಿತವಾಗಿಯೇ ಹೋಯಿತು. ಅದು ವಾಪಸ್ ಬರಲು ಮೇಲಿಂದ ಮೇಲೆ ಫೋನ್ ಮಾಡಬೇಕಾಯಿತು. ಈ ಸಲ ಫೋನ್ ಮಾಡಿದ್ದು ಆಕೆ.